ಘೋಡಗೇರಿಯಿಂದ ಬಂದ ಮಿಸ್ಡ್ ಕಾಲ್

ನಮ್ಮ ಮನೆಯಲ್ಲಿ ಒಂದು ಕಾಯಿದೆ ಇತ್ತು. ಯಾರೇ ಹೊರಗೆ ಹೋಗಲಿ, ಹೋದ ಜಾಗ ಮುಟ್ಟಿದ ಕೂಡಲೇ ನನ್ನ ಫೋನಿಗೆ ಒಂದು ಮಿಸ್ಡ್ ಕಾಲ್ ಕೊಡಬೇಕು. ನಾನು ಎತ್ತುವುದಿಲ್ಲ, ಅವರು ಮಾತಾಡುವುದಿಲ್ಲ. ಒಮ್ಮೆ ರಿಂಗಾಗಿ ನಿಂತರೆ ಸುಖವಾಗಿ ಮುಟ್ಟಿದರು ಎಂದರ್ಥ. ಕಾಯಿದೆ ಮಾಡಿದವನು ನಾನು, ಪಾಲಿಸಬೇಕಾದವರು ಉಳಿದವರೆಲ್ಲ. ಒಮ್ಮೆ ಹೆಂಡತಿ ಕಾಯಿಪಲ್ಲೆ ತರಲು ಹೋದಾಗಲೂ ರಿಂಗಿಗಾಗಿ ಕಾದು, ಬಾರದಿದ್ದಾಗ ನಾನೇ ಫೋನ್ ಮಾಡಿದ್ದೆ. ಗೋಕಾಕದ ಆ ಸಂತೆ ನಮ್ಮ ಮಾಳಿಗೆಯ ಮೇಲೆ ನಿಂತರೆ ಕಾಣುತ್ತದೆ.

"ಬದನಿಕಾಯಿ ಅಂಗಡಿ ತನಕ ಸುಖವಾಗಿ ಬಂದು ಮುಟ್ಟೇನ್ರಿ," ಎಂದಳು. "ಇನ್ನ ಟೊಮ್ಯಾಟೊ ಅಂಗಡಿಗೆ ಹೊಂಟೇನಿ. ದಾರ್ಯಾಗ ಒಂದ ಎಮ್ಮಿ ನಿಂತೈತಿ. ದಾಟಿದ ಮ್ಯಾಲೆ ಫೋನ್ ಮಾಡ್ತೀನಿ."

ನಾನು ವಿಮಾ ಏಜೆಂಟ. ಜನರ ಪಡಸಾಲೆಯಲ್ಲಿ ಕುಳಿತು, ಅವರದೇ ಚಹಾ ಕುಡಿಯುತ್ತ, "ದೇವರು ಹಂಗ ಮಾಡದಿರ್ಲಿ, ಆದ್ರೂ ನಾಳೆ ನಿಮಗೇನರ ಆತಂದ್ರ" ಎಂದು ಶುರು ಮಾಡುವುದು ನನ್ನ ಹೊಟ್ಟೆಪಾಡು. ಬೇರೆ ಏಜೆಂಟರು ಈ ಮಾತನ್ನು ಬಾಯಿಪಾಠ ಮಾಡಿ ಹೇಳುತ್ತಾರೆ. ನಾನು ಹೇಳುವಾಗ ಗಂಟಲು ಖರೆಖರೆ ಕಟ್ಟುತ್ತದೆ. ಒಬ್ಬ ಬಟ್ಟೆ ಅಂಗಡಿಯವರು ಸಹಿ ಮಾಡಿ ಪೆನ್ನು ಮರಳಿ ಕೊಡುತ್ತ ನನ್ನ ಭುಜ ತಟ್ಟಿದ್ದರು. "ಸಮಾಧಾನ ಮಾಡ್ಕೋರಿ. ನನಗೇನೂ ಆಗೂದಿಲ್ಲ."

ಚಿಂತೆ ಎಂದರೆ ತಲೆಯೊಳಗಿನ ಸಂಗತಿ ಎಂದು ಅದನ್ನು ಕಾಣದವರು ತಿಳಿದಿರುತ್ತಾರೆ. ನನ್ನದು ಮೈಯಲ್ಲೇ ಮನೆ ಮಾಡಿಕೊಂಡಿತ್ತು. ಮುಂಜಾನೆ ಏಳುವಾಗಲೇ ಭುಜಗಳು ಕಿವಿಯ ಹತ್ತಿರ ಇರುತ್ತಿದ್ದವು. ಹಲ್ಲು ಕಚ್ಚಿ ಕಚ್ಚಿ ದವಡೆ ನೋಯುತ್ತಿತ್ತು. ಪೇಪರಿನ ಒಂದೇ ಸುದ್ದಿಯನ್ನು ಓದಿದ್ದೇ ಓದುವುದು, ಯಾರಾದರೂ ಕೇಳಿದರೆ ಏನು ಓದಿದೆ ಎಂದು ಹೇಳಲು ಬಾರದಿರುವುದು. ಮನೆಯವರು ಬಾಗಿಲು ಜೋರಾಗಿ ಹಾಕಿದರೆ ಸಿಟ್ಟು. ಯಾವ ಕೆಲಸವನ್ನೂ ಮಾಡದೆ ಸಂಜೆಗೆ ಗದ್ದೆ ಹೂಡಿ ಬಂದವನ ಸುಸ್ತು.

ಇದೆಲ್ಲ ನನ್ನ ಸ್ವಭಾವ ಎಂದೇ ಎಲ್ಲರೂ, ನಾನೂ, ತಿಳಿದಿದ್ದೆವು. ಆಮೇಲೆ ಒಂದು ಮಧ್ಯಾಹ್ನ ಗೋಕಾಕ ಫಾಲ್ಸಿನ ಬಸ್ ಸ್ಟಾಪಿನಲ್ಲಿ, ಯಾವ ಕಾರಣವೂ ಇಲ್ಲದೆ, ಎದೆ ದಬದಬ ಹೊಡೆಯತೊಡಗಿತು. ಬೆರಳ ತುದಿಗಳು ಜೋಮು ಹಿಡಿದವು. ಉಸಿರು ಅರ್ಧಕ್ಕೇ ನಿಂತು ತಿರುಗುತ್ತಿತ್ತು. ಬೆವರು. ಸುತ್ತಲಿನ ಜನ, ಬಸ್ಸು, ಬಾಳೆಹಣ್ಣಿನ ಗಾಡಿ ಎಲ್ಲ ಗಾಜಿನ ಆಚೆ ಇದ್ದಂತೆ. ಸತ್ತೆ ಎಂದುಕೊಂಡೆ.

ನಮ್ಮ ಕಡೆ ಎದೆಯಲ್ಲಿ ಏನೇ ಆದರೂ ಅದು ಗ್ಯಾಸ್. "ಗ್ಯಾಸ್ ಐತಿ, ಗ್ಯಾಸ್! ಸೋಡಾ ತರ್ರಿ!" ಎಂದು ಒಬ್ಬರು ಕೂಗಿದರು. ಇನ್ನೊಬ್ಬರು ಕೇಳದೆಯೇ ಬೆನ್ನು ತಿಕ್ಕಿದರು. ಸೋಡಾ ಕುಡಿದೆ, ತೇಗಿದೆ, ಸ್ವಲ್ಪ ಹೊತ್ತಿಗೆ ಎಲ್ಲ ಇಳಿಯಿತು. ತಾನಾಗಿಯೇ ಇಳಿಯುವಂಥದ್ದು ಅದು ಎಂದು ಆಗ ಗೊತ್ತಿರಲಿಲ್ಲ, ಹಾಗಾಗಿ ಪುಣ್ಯವೆಲ್ಲ ಸೋಡಾಕ್ಕೆ ಹೋಯಿತು. ಅಂದಿನಿಂದ ನನ್ನ ಬೈಕಿನ ಡಿಕ್ಕಿಯಲ್ಲಿ ಪಾಲಿಸಿ ಕಾಗದಗಳ ಜೊತೆ ಒಂದು ಸೋಡಾ ಬಾಟಲಿಯೂ ಓಡಾಡತೊಡಗಿತು. ಸೋಡಾಕ್ಕೆ ಜಗ್ಗದ ದಿನ ದವಾಖಾನೆಗೆ ಹೋಗಿ ಇಸಿಜಿ ಮಾಡಿಸುವುದು. "ಹಾರ್ಟ್ ಗಟ್ಟಿ ಐತ್ರಿ" ಎಂದು ಡಾಕ್ಟರು ಹೇಳುವುದು. ಬರಬರುತ್ತ ನಾನು ಬಾಗಿಲಲ್ಲಿ ಕಾಣಿಸಿದರೆ ಸಾಕು, ಅಲ್ಲಿನ ನರ್ಸಮ್ಮ "ಬರ್ರಿ, ಅಂಗಿ ಬಿಚ್ರಿ" ಎನ್ನುವಷ್ಟು ಸಲಿಗೆ ಬೆಳೆಯಿತು.

ಇಂಥವನ ಮಗಳಿಗೆ ಹುಕ್ಕೇರಿಯ ಒಂದು ಹೈಸ್ಕೂಲಿನಲ್ಲಿ ಗಣಿತ ಟೀಚರ್ ಕೆಲಸ ಸಿಕ್ಕಿತು. ದಿನಾ ಮುಂಜಾನೆ ಗೋಕಾಕದಿಂದ ಬಸ್ಸು, ಸಂಜೆ ಮರಳಿ ಬಸ್ಸು. ಓಣಿಗೆಲ್ಲ ಪೇಢೆ ಹಂಚಿದೆ. ಹಂಚುತ್ತಲೇ ಆ ದಾರಿಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳು ಎಷ್ಟು ಓಡಾಡುತ್ತವೆ ಎಂದು ಮನಸ್ಸಿನಲ್ಲೇ ನೋಡಿಕೊಳ್ಳುತ್ತಿದ್ದೆ.

ಬಸ್ಸು ಹುಕ್ಕೇರಿ ಮುಟ್ಟುವ ಹೊತ್ತಿಗೆ ನಾನು ಫೋನನ್ನು ಮುಂದಿಟ್ಟುಕೊಂಡು ಕೂರುತ್ತಿದ್ದೆ. ರಿಂಗಾದರೆ ಭುಜ ಇಳಿಯುತ್ತಿತ್ತು, ಚಹಾ ಚಹಾದಂತೆ ರುಚಿಸುತ್ತಿತ್ತು. ಒಂದು ದಿನ ರಿಂಗಾಗಲಿಲ್ಲ. ಮಾಡಿದರೆ ಸ್ವಿಚ್ ಆಫ್. ಶಾಲೆಯ ಆಫೀಸಿಗೆ ಹಚ್ಚಿದೆ. ಆಫೀಸಿನವರು ಜವಾನನನ್ನು ಕಳಿಸಿದರು. ಅವನು ತುಂಬಿದ ತರಗತಿಯ ಬಾಗಿಲಲ್ಲಿ ನಿಂತು, ಎಲ್ಲರಿಗೂ ಕೇಳುವಂತೆ, "ಟೀಚರ್, ನಿಮ್ಮ ಅಪ್ಪಾರು ಫೋನ್ ಮಾಡ್ಯಾರ್ರಿ. ನೀವು ಮುಟ್ಟೀರೋ ಇಲ್ಲೋ ಅಂತ ಕೇಳಾಕತ್ತಾರ. ಏನಂತ ಹೇಳ್ಲಿರಿ?" ಎಂದನಂತೆ.

ಮರುದಿನ ಅವಳು ತರಗತಿಗೆ ಕಾಲಿಟ್ಟಾಗ ಹುಡುಗ ಹುಡುಗಿಯರೆಲ್ಲ ಎದ್ದು ನಿಂತು ರಾಗವಾಗಿ "ನಮಸ್ತೇ ಟೀಚರ್" ಎಂದರು. ಅದೇ ರಾಗದಲ್ಲಿ ಮುಂದುವರಿಸಿದರು: "ಮುಟ್ಟಿದ್ರೇನ್ರೀ?"

ಮನೆಗೆ ಬಂದು ಅವಳು ಜಗಳ ಆಡಲಿಲ್ಲ. "ಫೋನ್ ಚಾರ್ಜ್ ಇರ್ಲಿಲ್ಲ ಅಪ್ಪಾ. ಇನ್ನ ಮ್ಯಾಲೆ ಬರೋಬ್ಬರಿ ಟೈಮಿಗೆ ಕೊಡ್ತೀನಿ" ಎಂದಷ್ಟೇ ಹೇಳಿದಳು. ಕೊಟ್ಟಳು ಕೂಡ. ಮಳೆ ಇರಲಿ, ಟ್ರಾಫಿಕ್ ಇರಲಿ, ಅದೇ ಹೊತ್ತಿಗೆ ರಿಂಗು. ಶಿಸ್ತು ಅಂದರೆ ಇದು ಎಂದು ನಾನು ಹೆಂಡತಿಗೆ ಹೇಳಿಕೊಂಡು ಮೆರೆದೆ. ಹೆಂಡತಿ ರೊಟ್ಟಿ ಬಡಿಯುತ್ತಿದ್ದಳು. ಬಡಿತ ಸ್ವಲ್ಪ ಜೋರಾಯಿತು.

ಆ ವರ್ಷದ ಮಳೆಗಾಲದಲ್ಲಿ ಒಂದು ಮುಂಜಾನೆ ಪಾಲಿಸಿಯ ಕೆಲಸಕ್ಕೆಂದು ಘೋಡಗೇರಿಗೆ ಬೈಕಿನಲ್ಲಿ ಹೊರಟಿದ್ದೆ. ಹುಕ್ಕೇರಿಗೆ ಹೋಗುವ ಬಸ್ಸಿನ ದಾರಿಯೂ ಅದೇ. ಮಗಳ ಬಸ್ಸು ನನಗಿಂತ ಬಹಳ ಮೊದಲೇ ಹೋಗಿತ್ತು. ಊರು ಇನ್ನೂ ಸ್ವಲ್ಪ ದೂರ ಇರುವಾಗ ಕಿಸೆಯಲ್ಲಿ ಫೋನು ಒಮ್ಮೆ ರಿಂಗಾಗಿ ನಿಂತಿತು. ಬೇವಿನ ಮರದ ಕೆಳಗೆ ಬೈಕು ನಿಲ್ಲಿಸಿ ನೋಡಿದೆ. ಮಗಳದೇ. ಮುಟ್ಟಿದಳು. ಉಸಿರು ಬಿಟ್ಟೆ. ಹೊಲಗಳ ಹಸಿರು ಕಣ್ಣಿಗೆ ಬಿತ್ತು. ಯಾವುದೋ ಹಕ್ಕಿ ಕೂಗುತ್ತಿರುವುದೂ ಕೇಳಿಸಿತು. ಬೈಕು ಹತ್ತಿ ತಿರುವು ದಾಟಿದೆ.

ತಿರುವಿನಾಚೆ ಅವಳ ಬಸ್ಸು ನಿಂತಿತ್ತು. ಡ್ರೈವರು ಬಸ್ಸಿನ ಕೆಳಗೆ, ಕಂಡಕ್ಟರು ಫೋನಿನಲ್ಲಿ, ಜನ ರಸ್ತೆಯ ಮೇಲೆ. ಸಣ್ಣ ಸೇತುವೆಯ ಕಟ್ಟೆಯ ಮೇಲೆ ನನ್ನ ಮಗಳು, ಇಬ್ಬರು ಹೆಣ್ಣುಮಕ್ಕಳ ನಡುವೆ ಕೂತು, ಹಸಿ ಶೇಂಗಾ ಸುಲಿದು ತಿನ್ನುತ್ತಿದ್ದಳು. ಒಂದು ಕೈಯಲ್ಲಿ ಫೋನು ಇನ್ನೂ ಇತ್ತು.

ಇಬ್ಬರೂ ಒಬ್ಬರನ್ನೊಬ್ಬರು ನೋಡಿದೆವು.

"ನೀ ಹುಕ್ಕೇರಿ ಮುಟ್ಟಿದೆಲ್ಲ?" ಎಂದೆ.

ಅವಳು ಎಡಕ್ಕೂ ಬಲಕ್ಕೂ ನೋಡಿದಳು. "ಘೋಡಗೇರಿ ಹುಕ್ಕೇರಿ ತಾಲೂಕಿನ್ಯಾಗs ಬರ್ತೈತಲ್ಲಪ್ಪಾ?"

ಬಾಜೂ ಕುಳಿತಿದ್ದ ಹಿರಿಯ ಹೆಣ್ಣುಮಗಳು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಇವ್ರೇನವಾ ಮಿಸ್ಡ್ ಕಾಲ್ ಅಪ್ಪಾರು?" ಎಂದು ಕೇಳಿದರು. ಬಸ್ಸಿಗೆ ಬಸ್ಸೇ ನಕ್ಕಿತು. "ಬರ್ರಿ, ಕುಂಡ್ರಿ. ಶೇಂಗಾ ತಿನ್ರಿ. ಹುಡುಗಿ ಏನ್ ಮಾಡ್ಯಾಳು, ಟೈಮಾತು, ಕೊಟ್ಲು. ಬಸ್ಸು ಕೆಟ್ಟದ್ದು ಗೊತ್ತಾದ್ರ ನೀವು ಹೆಲಿಕಾಪ್ಟರ್ ತರ್ತಿದ್ರಂತ."

ಶೇಂಗಾ ತಿಂದೆ. ತಿನ್ನುತ್ತ ಕುಳಿತಾಗ ಒಂದು ಲೆಕ್ಕ ಹತ್ತಲಿಲ್ಲ. ಬಸ್ಸು ಕೆಟ್ಟಿದೆ, ಮಗಳು ರಸ್ತೆಯ ಬದಿಯಲ್ಲಿದ್ದಾಳೆ. ಆ ಹೊತ್ತಿನಲ್ಲಿ ನಾನು ಹಕ್ಕಿಯ ಕೂಗು ಕೇಳುತ್ತ ಹಾಯಾಗಿದ್ದೆ. ಚಾರ್ಜ್ ಇಲ್ಲದ ಆ ದಿನ ಅವಳು ತರಗತಿಯಲ್ಲಿ ಭಿನ್ನರಾಶಿ ಕಲಿಸುತ್ತಿದ್ದಳು. ಆ ಹೊತ್ತಿನಲ್ಲಿ ನಾನು ಸಾಯುತ್ತಿದ್ದೆ. ನನ್ನ ನಡುಕಕ್ಕೂ ಅವಳ ಕ್ಷೇಮಕ್ಕೂ ಒಂದಕ್ಕೊಂದು ಪರಿಚಯವೇ ಇರಲಿಲ್ಲ.

ಉಳಿದ ದಾರಿ ಅವಳನ್ನು ಬೈಕಿನಲ್ಲಿ ಕರೆದೊಯ್ದೆ. ಹಿಂದೆ ಕುಳಿತವರಿಗೆ ಮುಖ ನೋಡದೆ ಮಾತಾಡುವ ಸವಲತ್ತಿರುತ್ತದೆ. ಅದನ್ನು ಬಳಸಿಕೊಂಡಳು.

"ಹುಕ್ಕೇರ್ಯಾಗ ರೂಮ್ ನೋಡೇನಿ ಅಪ್ಪಾ. ನಮ್ಮ ಸಾಲಿ ಮೇಡಮ್ ಒಬ್ರ ಮನಿ ಮ್ಯಾಲ."

"ಯಾಕವಾ? ಬಸ್ಸಿನ ತ್ರಾಸೇನು?"

"ಬಸ್ಸಿಂದಲ್ಲ." ಗಾಳಿಯಲ್ಲಿ ಕೇಳಲೆಂದು ಅವಳು ಮುಂದೆ ಬಾಗಿದಳು. "ಪಾಠ ಮಾಡೂಮುಂದ ಗಡಿಯಾರ ನೋಡ್ತೀನಿ, ನಿನಗ ರಿಂಗ್ ಕೊಟ್ಟೆನೋ ಇಲ್ಲೋ ಅಂತ. ಮೊನ್ನೆ ಬಸ್ ಹತ್ತಿದಾಕಿ ಇಳದು ಮನಿಗೆ ಓಡಿ ಬಂದೆ, ಒಲಿ ಬಂದ್ ಮಾಡೇವೋ ಇಲ್ಲೋ ಅಂತ. ಅವ್ವ ಅದs ಒಲಿ ಮುಂದ ನಿಂತು ಪಲ್ಲೆ ಮಾಡಾಕತ್ತಿದ್ಲು. ಎದಿ ಹಿಂಗ ಹೊಡಕೋತಿತ್ತು. ನಾನೂ ನಿನ್ನಂಗ ಆಗಾಕತ್ತೇನಿ ಅಪ್ಪಾ."

ನಾನು ಬೈಕಿನ ವೇಗ ಇಳಿಸಿದೆ. ಅವಳೇ ಮುಂದುವರಿಸಿದಳು. "ದೀಪಾವಳಿ ತನಕ ನೋಡ್ತೀನಿ. ಹಿಂಗs ಇದ್ರ ಆಮ್ಯಾಲೆ ಹೋಗ್ತೀನಿ."

ಶಾಲೆಯ ಗೇಟಿನಲ್ಲಿ ಇಳಿಸಿದಾಗ ಹುಡುಗರು ಕಿಟಕಿಗಳಲ್ಲಿ ತುಂಬಿದ್ದರು. ಅವಳು ನನ್ನ ಕಾಲರು ಸರಿಮಾಡಿ, "ಸಾವಕಾಶ ಹೋಗು" ಎಂದಳು. ಎಂದು ನಾಲಿಗೆ ಕಚ್ಚಿಕೊಂಡಳು. ಅದು ನನ್ನ ಮಾತು. ಅವಳ ಬಾಯಲ್ಲಿ ಕೂತುಬಿಟ್ಟಿತ್ತು.

ಮನೆಗೆ ಬಂದು ಹೆಂಡತಿಗೆ ಹೇಳಿದೆ. ಮರುವಾರವೇ ಅವಳು ನನ್ನನ್ನು ಹೊರಡಿಸಿ ತಾನೂ ಜೊತೆಗೆ ಬಂದಳು. ಬೆಳಗಾವಿಯಿಂದ ವಾರಕ್ಕೊಮ್ಮೆ ಗೋಕಾಕಕ್ಕೆ ಒಬ್ಬ ಡಾಕ್ಟರ್ ಬಾಯಿಯವರು, ಎಂದರೆ ಲೇಡಿ ಡಾಕ್ಟರು, ಬರುತ್ತಿದ್ದರು. ಬಾಗಿಲ ಮೇಲಿನ ಬೋರ್ಡಿನಲ್ಲಿ 'ಮನೋರೋಗ ತಜ್ಞರು' ಎಂದು ದೊಡ್ಡದಾಗಿ ಬರೆದಿತ್ತು. ಬಾಜೂದ ಬೋರ್ಡು ಹಲ್ಲಿನ ಡಾಕ್ಟರದು. ನಾನು ಹಲ್ಲಿನ ಬೋರ್ಡಿನ ಕೆಳಗೆ ಗಲ್ಲ ಹಿಡಿದುಕೊಂಡು ನಿಂತೆ. ಅಲ್ಲಿ ನನ್ನ ಹಾಗೆಯೇ ಗಲ್ಲ ಹಿಡಿದು ನಿಂತಿದ್ದವರು ನನ್ನ ಭುಜ ತಟ್ಟಿದ್ದ ಆ ಬಟ್ಟೆ ಅಂಗಡಿಯವರು.

"ಹಲ್ಲೇನ್ರಿ?" ಎಂದರು.

"ಹೂಂನ್ರಿ, ದವಡಿ. ನಿಮ್ಮದು?"

"ನಮ್ಮದೂ ದವಡಿರಿ."

ಸ್ವಲ್ಪ ಹೊತ್ತಿಗೆ ಮನೋರೋಗದ ಬಾಗಿಲಿನಿಂದ ಅವರನ್ನು ಕರೆದರು. ಹೋಗುವಾಗ ನನ್ನತ್ತ ನೋಡಿ ಸಣ್ಣಗೆ ನಕ್ಕರು. ನಾನು ಗಲ್ಲದಿಂದ ಕೈ ತೆಗೆದೆ.

ಡಾಕ್ಟರ್ ಬಾಯಿ ಅವಸರ ಮಾಡಲಿಲ್ಲ. ನಿದ್ದೆ ಹೇಗೆ, ಚಹಾ ಎಷ್ಟು, ಮನೆಯಲ್ಲಿ ಇನ್ಯಾರು ಹೀಗಿದ್ದಾರೆ ಎಂದೆಲ್ಲ ಕೇಳಿ, ಥೈರಾಯ್ಡಿನದೇನಾದರೂ ಇರಬಹುದೇ ಎಂದು ರಕ್ತ ತಪಾಸಣೆ ಮಾಡಿಸಿ, ಅದೂ ಅಲ್ಲ ಎಂದಾದ ಮೇಲೆ ಇದಕ್ಕೆ ಹೆಸರಿದೆ ಎಂದರು. ಆತಂಕದ ಕಾಯಿಲೆ. ಹುಚ್ಚಲ್ಲ, ಧೈರ್ಯಗೇಡಿತನವೂ ಅಲ್ಲ. ದಿನವಿಡೀ ಇರುವ ಚಿಂತೆ ಒಂದು ಬಗೆ, ಫಾಲ್ಸಿನಲ್ಲಿ ಬಂದಂತೆ ದಿಢೀರನೆ ಬಂದು ಅಮರಿಕೊಳ್ಳುವ ಗಾಬರಿ ಇನ್ನೊಂದು. ನನ್ನಲ್ಲಿ ಎರಡೂ ಹೊಂದಿಕೊಂಡು ಬಾಳುತ್ತಿದ್ದವು.

"ಫಾಲ್ಸಿನ ಗಿರಣಿ ಭೋಂಗಾ ಕೇಳೀರಿಲ್ಲೋ?" ಎಂದರು. ನಮ್ಮಪ್ಪ ಆ ಗಿರಣಿಯಲ್ಲೇ ಕೆಲಸಕ್ಕಿದ್ದವನು, ಆ ಸೈರನ್ನಿಗೇ ಏಳುತ್ತಿದ್ದವನು ಎಂದೆ. "ಛಲೋ ಆತು. ಶಿಫ್ಟಿನ ಟೈಮಿಗೆ ಭೋಂಗಾ ಕೂಗಿದ್ರ ಮಂದಿ ಓಡಬೇಕು. ನಿಮ್ಮ ಮೈಯಾಗಿನ ಭೋಂಗಾ ಶಿಫ್ಟ್ ಇಲ್ಲದಾಗೂ ಕೂಗತೈತಿ. ಎದಿ, ಉಸಿರು, ಕೈಕಾಲು ಎಲ್ಲಾ ಎದ್ದು ಡ್ಯೂಟಿಗೆ ಓಡತಾವು. ಅಲ್ಲಿ ನೋಡಿದ್ರ ಗೇಟ್ ಬಂದ್."

ಕಾರಣ ಯಾವುದು ಎಂದು ಕೇಳಿದೆ. ಹುಟ್ಟುಗುಣವೇ? ನಮ್ಮವ್ವನಿಂದ ಬಂದದ್ದೇ? ನಾನು ಶಾಲೆಯಲ್ಲಿದ್ದಾಗ ಹೊಳೆ ಬಂದು ನೀರು ನಮ್ಮ ಮನೆಯೊಳಗೆ ನಿಂತಿತ್ತು, ಅದೇ? ಅಥವಾ ನನ್ನ ಧಂದೆಯೇ?

"ಎಲ್ಲಾನೂ ಸ್ವಲ್ಪ ಸ್ವಲ್ಪ ಇರಬಹುದು. ಯಾವುದು ಎಷ್ಟು ಅಂತ ಯಾರಿಗೂ ಹೇಳಾಕ ಬರೂದಿಲ್ಲ. ಒಂದs ಕಾರಣ ಸಿಕ್ರ ನಿಮಗ ಬೈಯಾಕ ಅನುಕೂಲ, ಅಷ್ಟ." ಆಮೇಲೆ ಕೇಳಿದರು, "ಮಿಸ್ಡ್ ಕಾಲ್ ಬಂದ ಮ್ಯಾಲೆ ಸಮಾಧಾನ ಎಲ್ಲೀತನಕ ಇರ್ತೈತ್ರಿ?"

"ಮಧ್ಯಾಹ್ನದ ತನಕ."

"ಆಮ್ಯಾಲೆ?"

"ಆಮ್ಯಾಲೆ ವಾಪಸ್ ಬಸ್ಸಲ್ರಿ?"

ಅವರಿಗೆ ನಗು ತಡೆಯಲಾಗಲಿಲ್ಲ. "ಅದು ತುರಿಕಿ ಕೆರಕೊಂಡಂಗ. ಕೆರೆಯೂಮುಂದ ಹಿತ, ಆಮ್ಯಾಲೆ ಇನ್ನಷ್ಟು ತುರಿಕಿ."

ಮಾತ್ರೆ ಕೊಟ್ಟರು. ಕೆಲಸ ತೋರಿಸಲು ಕೆಲವು ವಾರ ಬೇಕು, ನಾನಾಗಿ ನಿಲ್ಲಿಸುವಂತಿಲ್ಲ ಎಂದರು. ಅದು ಹಿಡಿದ ಮೇಲೆ ಒಂದು ಅಭ್ಯಾಸ. ಒಂದು ದಿನ ಮಿಸ್ಡ್ ಕಾಲ್ ಇಲ್ಲದೆ ಇರಬೇಕು. ಕೇಳಬಾರದು, ಬೇರೆಯವರಿಂದ ಕೇಳಿಸಲೂಬಾರದು. ಎದೆ ಹೊಡೆದುಕೊಂಡರೆ ಹೊಡೆದುಕೊಳ್ಳಲಿ, ಕೈಯಲ್ಲಿದ್ದ ಕೆಲಸ ಬಿಡಬಾರದು. ಏರುತ್ತದೆ, ತಾನಾಗಿ ಇಳಿಯುತ್ತದೆ. ಆ ಇಳಿಯುವುದನ್ನು ನಾನು ಒಮ್ಮೆಯಾದರೂ ಕಾಣಬೇಕು. "ಸೋಡಾನೂ ಬ್ಯಾಡ್ರಿ" ಎಂದು ಹೆಂಡತಿಯತ್ತ ನೋಡಿ ಹೇಳಿದರು. ಹೆಂಡತಿ ಆಗಲೇ ಬಾಟಲಿಯ ಸಂಗತಿ ಹೇಳಿಬಿಟ್ಟಿದ್ದಳು.

ದೀಪಾವಳಿ ಹತ್ತಿರ ಬಂದಿತ್ತು. ರಿಂಗಿಲ್ಲದ ಮೊದಲ ದಿನವೇ ನನಗೆ ಮೂಡಲಗಿಗೆ ಹೋಗಬೇಕಾಗಿ ಬಂತು. ಅಲ್ಲಿ ನಮ್ಮಣ್ಣನ ತುಂಬಿದ ಮನೆಯಲ್ಲಿ ನಮ್ಮವ್ವ ಇದ್ದಾಳೆ. ಹೊರಡುವಾಗ ಮಗಳು ತನ್ನ ಫೋನನ್ನು ಎತ್ತಿ ತೋರಿಸಿ ಬ್ಯಾಗಿನ ತಳಕ್ಕೆ ಹಾಕಿದಳು. ಹೆಂಡತಿ ಎಚ್ಚರಿಸಿದಳು. "ಅತ್ತಿ ಕೇಳೇ ಕೇಳ್ತಾರ್ರಿ. ಹುಷಾರ್."

ಖರೆ. ಮಗಳು ನನಗೆ ಮುಟ್ಟಿಸಿದ ಸುದ್ದಿಯನ್ನು ನಾನು ದಿನಾ ಅವ್ವನಿಗೆ ಮುಟ್ಟಿಸುತ್ತಿದ್ದೆ. ಆ ಕಾಯಿದೆ ಮಾಡಿದವಳು ಅವ್ವ.

ಅವ್ವ ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತ ಕುಳಿತಿದ್ದಳು. ನಾನು ಚಪ್ಪಲಿ ಬಿಡುವ ಮೊದಲೇ ಕೇಳಿದಳು. "ಹುಡುಗಿ ಮುಟ್ಟಿದಳೇನ?"

"ಗೊತ್ತಿಲ್ಲಬೇ."

ಅವ್ವನ ಕೈ ನಿಂತಿತು. "ಗೊತ್ತಿಲ್ಲಂದ್ರ?"

"ಗೊತ್ತಿಲ್ಲ. ಇವತ್ತ ಫೋನ್ ಮಾಡೂದಿಲ್ಲ. ಡಾಕ್ಟರ್ ಬ್ಯಾಡ ಅಂದಾರ."

"ಎಂಥಾ ಡಾಕ್ಟರೋ ಅದು? ಮಕ್ಕಳ ಸುದ್ದಿ ಕೇಳಬ್ಯಾಡ ಅಂತದ?"

ತಿಳಿಸಿ ಹೇಳಲು ನೋಡಿದೆ. ಭೋಂಗಾದ ಮಾತು ಹೇಳಿದೆ, ತುರಿಕೆಯ ಮಾತು ಹೇಳಿದೆ. ಕೊನೆಗೆ ಹುಡುಗಿ ಬೈಕಿನ ಹಿಂದೆ ಕುಳಿತು ಹೇಳಿದ್ದನ್ನು ಹೇಳಿದೆ. ಒಲೆಯ ಸಲುವಾಗಿ ಬಸ್ಸಿನಿಂದ ಇಳಿದು ಓಡಿ ಬಂದದ್ದು, ಎದೆ ಹೊಡೆದುಕೊಂಡದ್ದು, ರೂಮು. ಅವ್ವ ಮಡಿಲಿನ ಸಿಪ್ಪೆ ಕೊಡವಿದಳು.

"ಮತ್ತ ಈಗೇನ್ ಮಾಡೂದು?"

"ಕುಂಡ್ರೂದು."

ಕುಳಿತೆವು. ಬಸ್ಸು ಹುಕ್ಕೇರಿ ಮುಟ್ಟುವ ಹೊತ್ತಾಯಿತು. ಕಿಸೆಯೊಳಗಿನ ಫೋನು ಕೆಂಡದಂತೆ ತೊಡೆಗೆ ತಾಗುತ್ತಿತ್ತು. ಅಂಗೈ ಬೆವೆತಿತು. ಗಂಟಲಲ್ಲಿ ರೊಟ್ಟಿಯ ತುತ್ತು ಸಿಕ್ಕಿಕೊಂಡಂತೆ. ಕಬ್ಬಿನ ಟ್ರ್ಯಾಕ್ಟರು, ಸೇತುವೆ, ಕೆಳಗಿನ ನೀರು ಎಲ್ಲ ಸಾಲಾಗಿ ಬಂದು ಹಾಜರಿ ಹಾಕಿದವು. ನಾನು ಶೇಂಗಾ ಸುಲಿಯುತ್ತಲೇ ಇದ್ದೆ. ಎದುರಿಗೆ ಅವ್ವ ಬೀಜವನ್ನು ಸಿಪ್ಪೆಯ ಬುಟ್ಟಿಗೂ ಸಿಪ್ಪೆಯನ್ನು ಬೀಜದ ಬುಟ್ಟಿಗೂ ಹಾಕುತ್ತಿದ್ದಳು.

ಅತ್ತಿಗೆ ಚಹಾ ತಂದು ಇಬ್ಬರ ಮುಖ ನೋಡಿ ಗಾಬರಿಯಾದಳು. "ಯಾಕ್ರಿ, ಯಾರರ ತೀರಿಕೊಂಡ್ರೇನು?"

"ಯಾರಿಗೂ ಏನೂ ಆಗಿಲ್ಲ," ಎಂದಳು ಅವ್ವ. "ಅದs ತ್ರಾಸು."

ಆಮೇಲೆ ತಾನಾಗಿಯೇ ಮಾತಿಗೆ ಬಂದಳು. ಅಪ್ಪ ಗಿರಣಿಯಲ್ಲಿದ್ದಾಗ ವಾರಕ್ಕೊಮ್ಮೆ ಮೂಡಲಗಿಗೆ ಬಂದು ಹೋಗುತ್ತಿದ್ದ. ಆಗ ಯಾರ ಮನೆಯಲ್ಲೂ ಫೋನಿಲ್ಲ. ಅಪ್ಪ ಹೋಗುವ ಬಸ್ಸಿನ ಕಂಡಕ್ಟರು ಮರಳಿ ಬಂದಾಗ ನಮ್ಮ ಬಾಗಿಲಿಗೆ ಬಂದು "ಮುಟ್ಟಿದ್ರು ಯವ್ವಾ, ಫಾಲ್ಸಿಗೆ ಮುಟ್ಟಿದ್ರು" ಎಂದು ಹೇಳಿ ಒಂದು ತಂಬಿಗೆ ನೀರು ಕುಡಿದು ಹೋಗುತ್ತಿದ್ದ. ಇಷ್ಟು ನನಗೂ ನೆನಪಿತ್ತು.

"ಅಂವಾ ಸುಳ್ಳ ಹೇಳ್ತಿದ್ದ," ಎಂದಳು ಅವ್ವ.

"ಅಂದ್ರ?"

"ಆ ಬಸ್ಸು ಗೋಕಾಕದ ತನಕ ಅಷ್ಟs ಹೋಗ್ತಿತ್ತೋ ತಮ್ಮಾ. ಮುಂದ ಫಾಲ್ಸಿಗೆ ನಿಮ್ಮಪ್ಪ ಬ್ಯಾರೆ ಗಾಡಿ ಹಿಡೀತಿದ್ದ. ಮುಟ್ಟಿದ್ದು ಅವನಿಗೆ ಹೆಂಗ ಗೊತ್ತಾಗ್ಬೇಕು?"

"ನಿನಗ ಗೊತ್ತಿತ್ತು?"

"ಗೊತ್ತಿರ್ಲಾರದೇನು? ಆದ್ರ ಬಿಸಲಾಗ ನಡಕೋತ ಬಂದು ಹೇಳ್ತಿದ್ದನಲ್ಲೋ. ಅಷ್ಟಕ್ಕs ಆರಾಮ ಅನಸ್ತಿತ್ತು."

ನಾನು ಅವ್ವನನ್ನು ನೋಡಿದೆ. ಘೋಡಗೇರಿಯ ಬಸ್ಸಿನ ಕಥೆ ಹೇಳಿದೆ, ತಾಲೂಕಿನ ಮಾತಿನ ಸಹಿತ. ಅವ್ವ ಸೆರಗು ಬಾಯಿಗಿಟ್ಟು, ಕೆಮ್ಮು ಬರುವ ತನಕ ನಕ್ಕಳು. ನಾನೂ ನಕ್ಕೆ. ನಗುತ್ತ ಒಂದು ಬೀಜ ಬಾಯಿಗೆ ಹಾಕಿಕೊಂಡೆ. ರುಚಿ ಹತ್ತಿತು. ಆಗಲೇ ಗೊತ್ತಾದದ್ದು, ಗಂಟಲಿನ ತುತ್ತು ಇರಲಿಲ್ಲ. ಯಾವಾಗ ಇಳಿಯಿತೋ, ನಾನು ನೋಡಬೇಕೆಂದಿದ್ದೆ, ನೋಡಲು ಆಗಲಿಲ್ಲ. ಹುಡುಗಿ ಮುಟ್ಟಿದಳೋ ಇಲ್ಲವೋ ಆಗಲೂ ಗೊತ್ತಿರಲಿಲ್ಲ.

ಸಂಜೆ ಗೋಕಾಕಕ್ಕೆ ಬಂದಾಗ ಮಗಳು ಬಾಗಿಲಲ್ಲೇ ಇದ್ದಳು. ನಾನು ಏನೂ ಕೇಳಲಿಲ್ಲ. ಅವಳೇ ಕೇಳಿದಳು. "ಹೆಂಗಿತ್ತಪ್ಪಾ?"

"ಏರಿತು. ಇಳೀತು. ನಿಂದು?"

"ಗಡಿಯಾರ ನೋಡ್ದೆ. ಆಮ್ಯಾಲೆ ಮರತೆ." ಒಳಗೆ ಹೋಗಿ ತಟ್ಟೆ ಹಾಕುತ್ತ, ಯಾರದೋ ಸುದ್ದಿ ಹೇಳಿದಂತೆ ಹೇಳಿದಳು. "ಮೇಡಮ್ಮಾರಿಗೆ ರೂಮ್ ಸದ್ಯೇಕ ಬ್ಯಾಡ ಅಂತ ಹೇಳಿ ಬಂದೆ. ಸದ್ಯೇಕ ಅಂದೇನಿ, ಮತ್ತ."

ಹೆಂಡತಿ ಅಂದು ನನಗೆ ಎರಡು ಸಲ ತುಪ್ಪ ಹಾಕಿದಳು. ಅದು ನಮ್ಮ ಮನೆಯ ಅಭಿನಂದನೆ.

ಅವ್ವನ ಜೊತೆ ಕುಳಿತ ಕಥೆಯನ್ನೆಲ್ಲ ಹೇಳುತ್ತ ಉಂಡು ಕೈ ತೊಳೆದಾಗ ಒಂದು ಸಂಗತಿ ತಲೆಗೆ ಹೊಳೆಯಿತು. ನಾನು ಮೂಡಲಗಿಯಿಂದ ಬಂದು ಮನೆ ಸೇರಿ ಬಹಳ ಹೊತ್ತಾಗಿತ್ತು. ಅವ್ವನ ಫೋನು ಬಂದಿರಲಿಲ್ಲ. ನನ್ನ ಜೀವಮಾನದಲ್ಲೇ ನಾನು ಊರಿಂದ ಬಂದ ದಿನ ಅವ್ವ ಕೇಳದೆ ಇದ್ದದ್ದಿಲ್ಲ. ಹುಷಾರಿದ್ದಾಳೋ ಇಲ್ಲವೋ. ಆ ಕೆಮ್ಮು ನಗುವಿನದೇ, ಬೇರೆಯದೇ? ಭುಜಗಳು ಮೆಲ್ಲಗೆ ಕಿವಿಯತ್ತ ಹೊರಟವು. ಕೈ ಫೋನಿನತ್ತ ಹೋಯಿತು.

"ಅಪ್ಪಾ," ಎಂದಳು ಮಗಳು. "ಮೂಡಲಗಿ ಆಯಿನೂ ಅಭ್ಯಾಸ ಮಾಡಾಕತ್ತಿರ್ಬೇಕು. ಕೆಡಸಬ್ಯಾಡ."

ಫೋನನ್ನು ಕೆಳಗಿಟ್ಟೆ. ಮೂಡಲಗಿಯ ಕಟ್ಟೆಯ ಮೇಲೆ ಅವ್ವನೂ ಹೀಗೆಯೇ, ಫೋನನ್ನು ಮುಂದಿಟ್ಟುಕೊಂಡು, ಮುಟ್ಟದೆ ಕುಳಿತಿರಬೇಕು. ಅವಳು ಅಷ್ಟು ಗಟ್ಟಿಯಾಗಿ ಕುಳಿತಿರುವಾಗ ನಾನು ಏಳುವುದು ಸರಿಯಲ್ಲ ಎನ್ನಿಸಿತು. ಅವ್ವ ಚೀಲದಲ್ಲಿ ಕಟ್ಟಿ ಕೊಟ್ಟಿದ್ದ ಶೇಂಗಾವನ್ನು ನೆಲಕ್ಕೆ ಸುರುವಿಕೊಂಡು ಸುಲಿಯತೊಡಗಿದೆ. ಸ್ವಲ್ಪ ಹೊತ್ತಿಗೆ ಮಗಳೂ ಬಂದು ಎದುರಿಗೆ ಕುಳಿತಳು.